ದೇವರ ಹೊತ್ತು, ಮನುಷ್ಯರ ಹೊತ್ತು

(ಬಾನುಲಿ ಭಾಷಣ)

ವಿಜಯಪುರದಿಂದ ಪಡುವಣಕ್ಕೆ ಹೊರಟು ತಿಕೋಟಾ, ತೆಲಸಂಗಗಳನ್ನು ಹಾಯ್ದು ಹೋಗುವ ಅಥಣಿ ರಸ್ತೆಯಗುಂಟ ಸಂಜೆ ಅಡ್ಡಾಡುವುದು ನಿವೃತ್ತಿಯ ಬಳಿಕ ನಾನು ಹಚ್ಚಿಕೊಂಡ ರೂಢಿ. ಕೆಲವು ತಿಂಗಳ ಹಿಂದೆ ಹೀಗೆ ಹೊರಟಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಈಗ ಅವನೂ ಶಾಲೆಯ ಮಾಸ್ತರ. ಹಣೆಯ ಮೇಲೆ ಭಂಡಾರ, ಕೈಚೀಲದಲ್ಲಿ ಒಡೆದ ತೆಂಗಿನಕಾಯಿ. ದೇವರಿಗೆ ಹೋಗಿ ಬರುತ್ತಿದ್ದನೆಂಬುದು ನೋಡಿದರೇ ತಿಳಿಯುತ್ತಿತ್ತು. ಅವನ ಮಗಳಿಗೆ ಮೂರ್ಛೆರೋಗ. ಕುಶಲ ವಿಚಾರಿಸಿದಾಗ ಅವನು ಹೇಳಿದ ಮಾತು ಇಷ್ಟು: “ಐದು ವರ್ಷ ಆತ್ರಿ ಸರ, ಹರಕಿ ಹೊತ್ತು. ದೇವರು ಒಲ್ಲೆ ಅಂದಾನೋ, ತಡಾ ಮಾಡ್ಯಾನೋ, ಒಂದೂ ತಿಳೀವಲ್ದು.”

ಮೂವತ್ತು ವರ್ಷಕ್ಕೂ ಮಿಕ್ಕಿ ಕಾವ್ಯಮೀಮಾಂಸೆಯನ್ನು ಪಾಠ ಮಾಡಿದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. “ಎಲ್ಲಕ್ಕೂ ಕಾಲ ಕೂಡಿಬರಬೇಕು” ಎಂಬ, ಎಲ್ಲರೂ ಹೇಳುವ ಮಾತನ್ನೇ ಹೇಳಿ ಬೀಳ್ಕೊಟ್ಟೆ. ಮನೆಗೆ ಬಂದ ಮೇಲೆ ಆ ಮಾತು ನನಗೇ ಹಗುರವೆನ್ನಿಸಿತು. ಕಾಲ ಕೂಡಿಬರುವುದೆಂದರೇನು? ಯಾರು ಕೂಡಿಸಬೇಕು? ಅದು ಕೂಡಿಬರುವವರೆಗೆ ನಾವು ಮಾಡುತ್ತಿರಬೇಕಾದುದೇನು? ಈ ಪ್ರಶ್ನೆಗಳನ್ನೇ ತಮ್ಮ ಮುಂದಿಟ್ಟು ನನಗೆ ತೋರಿದಷ್ಟನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಮೊದಲು ಶಬ್ದವೊಂದನ್ನು ನೋಡೋಣ. ಹಳಗನ್ನಡದ ‘ಪರಸು’ ಎಂಬ ಕ್ರಿಯಾಪದವೇ ಹೊಸಗನ್ನಡದಲ್ಲಿ ‘ಹರಸು’ ಆಗಿದೆ. ‘ಪರಕೆ’ ಎಂಬುದು ‘ಹರಕೆ’ಯಾಗಿದೆ. ಹಿರಿಯರು ನಮಗೀಯುವ ಆಶೀರ್ವಾದವೂ ಹರಕೆಯೇ, ನಾವು ದೇವರಿಗೆ ಹೊರುವ ಮುಡಿಪೂ ಹರಕೆಯೇ. ಮೇಲಿನಿಂದ ಇಳಿದುಬರುವುದಕ್ಕೂ ಕೆಳಗಿನಿಂದ ಏರಿಹೋಗುವುದಕ್ಕೂ ನಮ್ಮ ನುಡಿ ಒಂದೇ ಹೆಸರಿಟ್ಟಿರುವುದು ಅರ್ಥಪೂರ್ಣವಾಗಿದೆ. ಎರಡು ಕಡೆಯ ಪ್ರೀತಿ ಸಂಧಿಸುವ ಜಾಗ ಅದು. ಆದರೆ ಬಳಕೆಯಲ್ಲಿ ಹರಕೆ ಬಹುಬೇಗ ಕರಾರುಪತ್ರವಾಗಿಬಿಡುತ್ತದೆ. ಇಂಥದನ್ನು ಕೊಟ್ಟರೆ ಇಂಥದನ್ನು ಸಲ್ಲಿಸುತ್ತೇನೆ, ಇಷ್ಟು ದಿನದೊಳಗೆ ಆಗಬೇಕು ಎಂದು ನಾವು ಗಡುವು ಹಾಕುತ್ತೇವೆ. ಗಡುವು ಹಾಕಿದವನಿಗೆ ಮಾತ್ರವೇ ತಡವೆಂಬುದು ಇರುತ್ತದೆ. ಆದ್ದರಿಂದ ದೇವರು ತಡಮಾಡಿದನೆಂದು ನಾವು ಆಡುವಾಗ, ಆ ತಡವನ್ನು ಅಳೆದ ಗಡಿಯಾರ ನಮ್ಮದೆಂಬುದನ್ನು ಮರೆಯಲಾಗದು.

ಇಷ್ಟು ಹೇಳಿ ಮುಗಿಸಿದರೆ ಅದು ಬರಿಯ ವೇದಾಂತವಾದೀತು. ಕಾಯುವುದೆಂದರೇನೆಂಬುದನ್ನು ನಮ್ಮ ಸೀಮೆಯ ಎರೆಹೊಲದಲ್ಲಿ ನಿಂತು ನೋಡಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ತಿಂಗಳುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಳೆ ಸೆಪ್ಟೆಂಬರಿನದು. ತಿಕೋಟಾ, ಬಬಲೇಶ್ವರಗಳ ಮೇಲೆ ಹಾದುಹೋಗುವ ಡೋಣಿ ಹೊಳೆಯ ನೀರು ಉಪ್ಪು. ಆದರೆ ಅದರ ಸಾಲಿನ ನೆಲ ಮಾತ್ರ ಚಿನ್ನ. ಡೋಣಿ ಸಾಲು ಬೆಳೆದರೆ ಓಣಿಗೆಲ್ಲ ಕಾಳು ಎಂಬುದು ನಮ್ಮ ಕಡೆಯ ಹಿರಿಯರ ಮಾತು. ಈ ಆಳವಾದ ಕರಿಮಣ್ಣಿನ ಹೊಲಗಳ ವಿಶೇಷವೇನೆಂದರೆ, ಇಲ್ಲಿನ ಬಿಳಿಜೋಳ ಮುಂಗಾರಿಯ ಬೆಳೆಯಲ್ಲ. ಬೇರೆ ಕಡೆ ಮೃಗಶಿರ, ಆರಿದ್ರಾ ಮಳೆಗಳಿಗೆ ಹೊಲ ಹಸುರಾಗುವಾಗ ಇಲ್ಲಿನ ಹೊಲ ಬರಿದಾಗಿ, ಕಪ್ಪಾಗಿ ಬಿದ್ದಿರುತ್ತದೆ. ಹೊರಗಿನವರು ಕಂಡರೆ ಇದು ಬಂಜರೆಂದೇ ತಿಳಿದಾರು. ಉತ್ತರಿ, ಹಸ್ತಾ ಮಳೆಗಳು ಬಿದ್ದು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರಿನೊಳಗೆ ಇಲ್ಲಿ ಕೂರಿಗೆ ಹೂಡುತ್ತಾರೆ. ಆಮೇಲೆ ಆಕಾಶ ಬಹುಮಟ್ಟಿಗೆ ತೆರವಾಗುತ್ತದೆ. ಬೆಳೆ ಬೆಳೆಯುವುದು ಮುಖ್ಯವಾಗಿ ಮಣ್ಣು ಹೊಟ್ಟೆಯಲ್ಲಿಟ್ಟುಕೊಂಡ ಹಸಿಯಿಂದ. ಬೀಳುವಾಗ ವ್ಯರ್ಥವೆಂದು ತೋರಿದ ಮಳೆಯೇ ಮೂರು ತಿಂಗಳ ಬಳಿಕ ತೆನೆಯಾಗಿ ಮೇಲೇಳುತ್ತದೆ.

ಹಾಗಾದರೆ ಆ ಬರಿದಾದ ತಿಂಗಳುಗಳಲ್ಲಿ ಒಕ್ಕಲಿಗನು ಕೈಕಟ್ಟಿ ಕುಳಿತಿರುತ್ತಾನೆಯೇ? ಇಲ್ಲ. ಮಳೆ ನಿಂತು ನೆಲ ಕಾಲೂರುವಷ್ಟು ಆರಿದೊಡನೆ ಕುಂಟೆ ಹೂಡಿ ಹೊಲ ಹರಗುತ್ತಾನೆ. ಮತ್ತೆ ಮಳೆ, ಮತ್ತೆ ಹರಗುವುದು. ಕಳೆ ಸಾಯಬೇಕು, ಮೇಲ್ಮಣ್ಣು ಸಡಿಲಾಗಬೇಕು, ಒಳಗಿನ ಹಸಿ ಆವಿಯಾಗಿ ಹೋಗದಂತೆ ಬಿರುಕು ಮುಚ್ಚಬೇಕು. ನೀರು ಹರಿದುಹೋಗದೆ ಇಂಗಲೆಂದು ಕೆಲವರು ಚೌಕುಮಡಿ ಕಟ್ಟುತ್ತಾರೆ. ಒಡ್ಡು ಒಡೆದಲ್ಲಿ ಮಣ್ಣು ಹಾಕುತ್ತಾರೆ. ವಿಜಯಪುರದಲ್ಲಿ 1930ರ ದಶಕದಲ್ಲಿಯೇ ಆರಂಭವಾದ ಒಣಬೇಸಾಯದ ಸಂಶೋಧನೆಯ ತಿರುಳೂ ಇದೇ: ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿದಿಡುವುದು.

ಒಕ್ಕಲಿಗನು ಬಿತ್ತುವ ಕಾಲವನ್ನು ಗುರುತಿಸುವುದು ಪಂಚಾಂಗದಿಂದಷ್ಟೇ ಅಲ್ಲ. ಮುಷ್ಟಿಯಲ್ಲಿ ಮಣ್ಣು ಹಿಡಿದು ಅದುಮಿ ನೋಡಿ, ‘ಹದ ಬಂದೈತಿ’ ಎನ್ನುತ್ತಾನೆ. ‘ಹದ’ ಎಂಬ ಈ ಶಬ್ದ ನಮ್ಮ ಇಂದಿನ ವಿಷಯಕ್ಕೆ ಬೀಗದ ಕೈಯಿದ್ದಂತೆ. ಹದವೆಂದರೆ ಬರಿಯ ಹೊತ್ತಲ್ಲ. ಹೊತ್ತು ಮತ್ತು ಸಿದ್ಧತೆ ಕೂಡಿದ ಸ್ಥಿತಿ. ಮುಗಿಲು ತನ್ನ ಪಾಲನ್ನು ಕೊಟ್ಟರೂ ಹರಗದ ಹೊಲಕ್ಕೆ ಹದ ಬಾರದು. ಎಷ್ಟು ಹರಗಿದರೂ ಮುಗಿಲು ಕೊಡದಿದ್ದರೆ ಹದ ಬಾರದು. ದೇವರ ಹೊತ್ತು ಎಂದು ನಾವು ಕರೆಯುವುದು ಬಹುಶಃ ಇಂಥ ಹದವನ್ನೇ ಇರಬೇಕು. ಅದರಲ್ಲಿ ನಮ್ಮ ಕೈಗೆ ಸಿಕ್ಕದ ಒಂದು ಪಾಲಿದೆ, ನಮ್ಮ ಕೈಯಿಂದಲೇ ಆಗಬೇಕಾದ ಇನ್ನೊಂದು ಪಾಲಿದೆ. ಮೊದಲನೆಯದಕ್ಕಾಗಿ ಕಾಯುವುದು ನಂಬುಗೆ. ಎರಡನೆಯದನ್ನೂ ಕಾಯುತ್ತ ಕೂಡುವುದು ಆಲಸ್ಯ.

ಈ ಭೇದವನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1972ರ ಬರಗಾಲದಲ್ಲಿ ನನಗೆ ಹತ್ತು ವರ್ಷ. ಡೋಣಿ ಸಾಲಿನ ನಮ್ಮ ಹಳ್ಳಿಯಲ್ಲಿ ಮುಂಗಾರಿಯೂ ಇಲ್ಲ, ಹಿಂಗಾರಿಯೂ ಇಲ್ಲ. ಊರವರು ಗುರ್ಜಿ ಆಡಿಸಿದರು. ಸೆಗಣಿಯ ಮೂರ್ತಿ ಮಾಡಿ, ಗರಿಕೆ ಸಿಕ್ಕಿಸಿ, ರೊಟ್ಟಿಯ ಹಂಚಿನ ಮೇಲಿಟ್ಟು ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಕರೆದೊಯ್ಯುವ ಮಳೆಯ ಮೊರೆ ಅದು. ಹೊತ್ತ ಹುಡುಗ ನಾನೇ. ಕುಡಿಯಲೂ ನೀರಿಲ್ಲದ ಹೊತ್ತಿನಲ್ಲಿ ಹೆಂಗಸರು ಒಂದೊಂದು ತಂಬಿಗೆ ನೀರನ್ನು ನನ್ನ ತಲೆಯ ಮೇಲೆ ಸುರಿದುದು, ನೀರು ಸೆಗಣಿಯೊಡನೆ ಕಣ್ಣಿಗಿಳಿದುದು ಇಂದಿಗೂ ನೆನಪಿದೆ. ಆ ದಿನವೇ ಮಳೆ ಬರುವುದೆಂದು ನನಗೆ ಖಾತರಿಯಿತ್ತು. ರಾತ್ರಿಯಿಡೀ ಎಚ್ಚರವಿದ್ದು ಮಾಳಿಗೆಯ ಸದ್ದು ಆಲಿಸಿದೆ. ಬೆಳಗ್ಗೆ ಆಯಿಯನ್ನು ಕೇಳಿದೆ: “ಆಯಿ, ಗುರ್ಜಿ ಆಡಿದ್ವಿ, ಮಳಿ ಯಾಕ ಬರಲಿಲ್ಲ?” ಆಕೆ ನನ್ನ ಮುಖ ನೋಡದೆ ಅಂದಳು: “ನೀ ಕರೆಯೋದು ಕರದಿ. ಅಂವ ಬರೂತನಕ ದನಕ್ಕ ನೀರು ಕುಡಿಸೋರು ಯಾರು? ಏಳು.”

ನೀರು ಕುಡಿಸಲು ದನವೂ ಬಹಳ ದಿನ ಉಳಿಯಲಿಲ್ಲ. ಮೇವಿಲ್ಲದೆ ಅಪ್ಪ ಎತ್ತಿನ ಜೋಡಿಯನ್ನು ಸಂತೆಯಲ್ಲಿ ಸಿಕ್ಕ ಬೆಲೆಗೆ ಮಾರಿ ಬಂದ. ಆ ರಾತ್ರಿ ಅವನು ಉಣ್ಣಲಿಲ್ಲ. ಮರುವರ್ಷ ಹಸ್ತಾ ಮಳೆ ಭರ್ಜರಿಯಾಗಿ ಬಂತು. ಎರಡು ವರ್ಷ ಬೇಡಿದ್ದು ಕಣ್ಣೆದುರಿಗೆ ಸುರಿಯುತ್ತಿತ್ತು. ಬಿತ್ತಲು ನಮ್ಮಲ್ಲಿ ಎತ್ತುಗಳಿರಲಿಲ್ಲ. ಅಪ್ಪ ಹೊಲದ ಬದುವಿನ ಮೇಲೆ ಮಣ್ಣು ಹಿಡಿದು ಕುಳಿತಿದ್ದ. ಹದವೆಂಬುದು ಯಾರಿಗಾಗಿಯೂ ನಿಲ್ಲುವುದಿಲ್ಲ. ನಾಲ್ಕು ದಿನ ಬಿಸಿಲು ಬಿದ್ದರೆ ಮೇಲಿನ ಹಸಿ ಆರಿಹೋಗುತ್ತದೆ. ಆಗ ನೆರೆಹೊಲದ ಕಾಕಾ, ತನ್ನ ಬಿತ್ತನೆ ಅರ್ಧ ಉಳಿದಿರುವಾಗಲೇ, ಎತ್ತು ಕೂರಿಗೆಗಳೊಡನೆ ನಮ್ಮ ಹೊಲಕ್ಕೆ ಇಳಿದ. ಅಪ್ಪ ಬೇಡವೆಂದಾಗ ಅವನು ಆಡಿದ ಮಾತು: “ಹಸಿ ಆರಿದ್ರ ದೇವರು ಕೊಟ್ಟಿದ್ದೂ ಹೋಗತೈತಿ. ಬೀಜಾ ತಗೊಂಡು ಬಾ.” ಆ ವರ್ಷ ನಮ್ಮ ಮನೆಗೆ ಜೋಳ ಬಂತು. ಮಾರಿದ ಎತ್ತುಗಳು ಮಾತ್ರ ಮರಳಿ ಬರಲಿಲ್ಲ. ತಡವಾಗಿ ಬಂದ ಉತ್ತರ ಹಿಂದಿನ ನಷ್ಟವನ್ನೆಲ್ಲ ತುಂಬಿಕೊಡುತ್ತದೆಂದು ನಾನು ಹೇಳಲಾರೆ. ಮಳೆಯನ್ನು ಕೊಟ್ಟವನು ದೇವರಾದರೆ, ಆ ಮಳೆ ನಮ್ಮ ಪಾಲಿಗೆ ಮಳೆಯಾದುದು ಒಬ್ಬ ಮನುಷ್ಯನಿಂದ ಎಂಬುದನ್ನಷ್ಟೇ ಹೇಳಬಲ್ಲೆ.

ಇಲ್ಲಿ ಒಂದು ಕಠಿಣವಾದ ಆಕ್ಷೇಪ ಏಳುತ್ತದೆ. ನಮ್ಮ ಮನೆಯ ಕಥೆ ಹೇಗೋ ದಡ ಸೇರಿತು; ದಡ ಸೇರದವರ ಮಾತೇನು? 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆಗೆ ಸೇರಿದ್ದ ಈ ಸೀಮೆ ತತ್ತರಿಸಿಹೋಯಿತು. ಜನ ಸತ್ತರು, ಉಳಿದವರಲ್ಲಿ ಅನೇಕರು ಗುಳೆ ಹೋದರು. ಅವರು ಗುಡಿಗಳಲ್ಲಿ ಮೊರೆಯಿಡಲಿಲ್ಲವೇ? ಈದ್ಗಾ ಬಯಲಿನಲ್ಲಿ ಮಳೆಗಾಗಿ ನಮಾಜು ಮಾಡಲಿಲ್ಲವೇ? ಅವರ ಪ್ರಾರ್ಥನೆ ‘ತಡವಾಯಿತು’ ಎನ್ನುವುದಕ್ಕೆ ಯಾವ ನಾಲಗೆ ಏಳುತ್ತದೆ?

ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಆದರೆ ಚರಿತ್ರೆಯನ್ನು ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಮಳೆ ಕೈಕೊಟ್ಟಿತೆಂಬುದು ನಿಜ. ಆದರೆ ಅದೇ ಕಾಲದಲ್ಲಿ ಈ ದೇಶದಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆಯಷ್ಟು ಕೊಟ್ಟರೆ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಪಡಿಸಿದ. ಮುಗಿಲು ತಡಮಾಡಿದ್ದು ಒಂದು ಪಾಲು. ಮನುಷ್ಯರು ತಡಮಾಡಿದ್ದು ಇನ್ನೊಂದು ಪಾಲು. ಎರಡನ್ನೂ ಕೂಡಿಸಿ ದೇವರ ಇಚ್ಛೆಯೆಂಬ ಒಂದೇ ಲೆಕ್ಕದಲ್ಲಿ ಬರೆಯುವುದು ದೇವರಿಗೂ ಅನ್ಯಾಯ, ಸತ್ತವರಿಗೂ ಅನ್ಯಾಯ. ‘ಕಾಯಿರಿ, ದೇವರು ತಕ್ಕ ಹೊತ್ತಿಗೆ ಕೊಡುತ್ತಾನೆ’ ಎಂಬ ಮಾತನ್ನು ತನಗೆ ತಾನೇ ಹೇಳಿಕೊಂಡರೆ ಅದು ಭಕ್ತಿ. ಕಣಜ ತುಂಬಿದವನು ಹಸಿದವನಿಗೆ ಹೇಳಿದರೆ ಅದು ಕ್ರೌರ್ಯ.

ಇನ್ನೊಂದು ತೊಡಕೂ ಉಂಟು. ಇಂದು ಅಥಣಿ ರಸ್ತೆಯ ಎರಡೂ ಬದಿಗೆ, ತಿಕೋಟಾ ಸೀಮೆಯಲ್ಲಿ, ದ್ರಾಕ್ಷಿತೋಟಗಳಿವೆ. ಬೇಸಗೆ ಕಾಲಿಡುವ ಹೊತ್ತಿಗೆ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಹರಡಿರುತ್ತದೆ. ಆಗ ತೋಟದವನು ಒಂದು ಹನಿಯೂ ಬೀಳದಿರಲೆಂದು ಬೇಡುತ್ತಾನೆ. ಬಾವಿ ಬತ್ತಿದ ನೆರೆಯವನು ಒಂದು ಅಡ್ಡಮಳೆಯಾದರೂ ಬರಲೆಂದು ಬೇಡುತ್ತಾನೆ. ಇಬ್ಬರೂ ಹಣೆಯೂರುವುದು ಒಂದೇ ಹೊಸ್ತಿಲಿಗೆ. ನಮ್ಮ ಮೊರೆ ತಡವಾಯಿತೆಂದು ನೊಂದುಕೊಳ್ಳುವಾಗ, ಆ ಹೊತ್ತಿಗೆ ಇನ್ನಾರದೋ ಮೊರೆ ಈಡೇರುತ್ತಿರಬಹುದೆಂಬ ಎಣಿಕೆ ನಮಗಿದ್ದರೆ ನೋವು ಹೋಗದಿದ್ದರೂ ಮುನಿಸು ಕಡಿಮೆಯಾಗುತ್ತದೆ.

ಕೃಷ್ಣೆಯ ಕಥೆಯೂ ಇದೇ ಬಗೆಯದು. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರ ಮೇ 22ರಂದು. ಅದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾದದ್ದು 2006ರ ಆಗಸ್ಟ್ 21ರಂದು. ನಡುವೆ ನಾಲ್ವತ್ತೆರಡು ವರ್ಷ. ಅಡಿಗಲ್ಲಿನ ದಿನ ತೊಟ್ಟಿಲಲ್ಲಿದ್ದ ಕೂಸು ಲೋಕಾರ್ಪಣೆಯ ದಿನಕ್ಕೆ ಮೊಮ್ಮಗನನ್ನು ಎತ್ತಿಕೊಳ್ಳುವಷ್ಟು ಕಾಲ. ಮುಂದೆ ಜಮಖಂಡಿ ತಾಲೂಕಿನ ತುಬಚಿಯ ಕಡೆಯಿಂದ ಕೃಷ್ಣೆಯ ನೀರನ್ನು ಎತ್ತಿ ಬಬಲೇಶ್ವರ, ತಿಕೋಟಾಗಳತ್ತ ಹರಿಸುವ ಯೋಜನೆಯೂ ಬಂತು. ಬಾಯಾರಿದ ಸೀಮೆಯ ಮೊರೆ ಕೊನೆಗೂ ಕೇಳಿಸಿತೆನ್ನಬೇಕು. ಆದರೆ ಅದೇ ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗವೂ ಎಷ್ಟೋ ಹಳ್ಳಿಗಳೂ ಮುಳುಗಿದವು. ಆ ಮನೆಗಳವರೂ ತಮ್ಮ ಹೊಸ್ತಿಲು ಉಳಿಯಲೆಂದು ಬೇಡಿಕೊಂಡವರೇ. ನೀರು ಕುಡಿಯುವಾಗ ಅವರನ್ನು ನೆನೆಯದ ಕೃತಜ್ಞತೆ ಅಪೂರ್ಣವಾದದ್ದು.

ಕಾಯುವಿಕೆಯೆಂದೊಡನೆ ಸಾಹಿತ್ಯ ಬಲ್ಲವರ ಮನಸ್ಸು ಶಬರಿಯತ್ತ ಹೊರಳುವುದು ಸಹಜ. ವಿ. ಸೀತಾರಾಮಯ್ಯನವರ ಕವಿತೆಯಲ್ಲಿ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಆಕೆ ಕನ್ನಡದ ಮುದುಕಿಯೇ ಆಗಿದ್ದಾಳೆ. ಬೆಳಗಾವಿ ಜಿಲ್ಲೆಯ ಸುರೇಬಾನದ ಬಳಿ ಶಬರಿಕೊಳ್ಳವೆಂಬ ಕ್ಷೇತ್ರವನ್ನೇ ನಮ್ಮ ಜನ ಆಕೆಗೆ ಕೊಟ್ಟಿದ್ದಾರೆ. ಆದರೆ ವಾಲ್ಮೀಕಿಯ ಅರಣ್ಯಕಾಂಡದಲ್ಲಿರುವ ಒಂದು ವಿವರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ರಾಮನು ಚಿತ್ರಕೂಟಕ್ಕೆ ಬಂದ ವೇಳೆಗೆ ಶಬರಿ ಸೇವೆ ಮಾಡುತ್ತಿದ್ದ ಋಷಿಗಳು ಸ್ವರ್ಗವೇರಿದರು. ಹೋಗುವಾಗ, ರಾಮನು ಈ ಆಶ್ರಮಕ್ಕೆ ಬರುವನು, ಅವನನ್ನು ಅತಿಥಿಯಾಗಿ ಸತ್ಕರಿಸು ಎಂದು ಹೇಳಿಹೋದರು. ಚಿತ್ರಕೂಟಕ್ಕೆ ಬಂದದ್ದು ವನವಾಸದ ಆರಂಭದಲ್ಲಿ. ಪಂಪೆಯ ದಡಕ್ಕೆ ಬಂದದ್ದು ಸೀತಾಪಹರಣದ ಬಳಿಕ, ವನವಾಸ ಮುಗಿಯುತ್ತ ಬಂದಾಗ. ಅಷ್ಟು ವರ್ಷ ಆಕೆ ಕಾದಳು. ರಾಮನು ಎದುರು ನಿಂತಾಗ ತಡವೇಕಾಯಿತೆಂದು ಕೇಳಲಿಲ್ಲ. ಪಂಪೆಯ ತೀರದಲ್ಲಿ ಬೆಳೆಯುವ ನಾನಾ ಬಗೆಯ ಕಾಡಿನ ಆಹಾರವನ್ನು ನಿನಗಾಗಿ ಕೂಡಿಹಾಕಿದ್ದೇನೆ ಎಂದಳು. ಕಡಿದು ರುಚಿ ನೋಡಿದ ಹಣ್ಣಿನ ಕಥೆ ಮೂಲದಲ್ಲಿಲ್ಲ, ನಂತರ ಬೆಳೆದದ್ದು. ಕೂಡಿಹಾಕಿದ ಮಾತು ಮಾತ್ರ ವಾಲ್ಮೀಕಿಯದೇ. ಹಣ್ಣು ಬಹುದಿನ ನಿಲ್ಲುವ ವಸ್ತುವಲ್ಲ. ಅಂದರೆ ಆ ವರ್ಷಗಳ ಪ್ರತಿಯೊಂದು ದಿನವೂ ಆಕೆ ‘ಇಂದೇ ಬಂದಾನು’ ಎಂದು ಬುಟ್ಟಿ ಹಿಡಿದು ಹೊರಟಿರಬೇಕು. ಅತಿಥಿ ತಡವಾಗಿರಬಹುದು, ಆತಿಥ್ಯ ಒಂದು ದಿನವೂ ತಡವಾಗಲಿಲ್ಲ.

ಬೇಡುವವನ ಮನಸ್ಸು ಹೇಗಿರಬೇಕೆಂಬುದಕ್ಕೆ ನಮ್ಮ ಕಾಲದ್ದೇ ಒಂದು ನಿದರ್ಶನ ಈ ರಸ್ತೆಯ ಸೀಮೆಯಲ್ಲಿದೆ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ನಮ್ಮನ್ನಗಲಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ತೊಡುತ್ತಿದ್ದ ಬಿಳಿಯ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಅವರು ವಿನಯದಿಂದ ಬೇಡವೆಂದರು. ನಾವು ಸಂಸಾರಿಗಳು, ಜೇಬಿಲ್ಲದೆ ನಮಗೆ ನಡೆಯದು. ಆದರೂ ಗುಡಿಯಲ್ಲಿ ಕೈಮುಗಿದು ನಿಲ್ಲುವ ಆ ಒಂದು ಗಳಿಗೆಯಲ್ಲಾದರೂ ನಮ್ಮ ಪ್ರಾರ್ಥನೆಗೆ ಜೇಬಿಲ್ಲದಿದ್ದರೆ, ಬಂದದ್ದೆಷ್ಟು, ಬಾಕಿಯೆಷ್ಟು ಎಂಬ ಎಣಿಕೆ ತಾನಾಗಿ ನಿಲ್ಲುತ್ತದೆ.

ನಮ್ಮ ಒಕ್ಕಲು ಮಕ್ಕಳಿಗೆ ಇದು ಹೊಸ ವಿಚಾರವಲ್ಲ. ಎಳ್ಳಮಾವಾಸ್ಯೆಯ ದಿನ ಈ ಸೀಮೆಯವರು ಬಂಡಿ ಕಟ್ಟಿಕೊಂಡೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ರೊಟ್ಟಿ, ಕಡುಬು, ಪಲ್ಯ, ಹೋಳಿಗೆಗಳ ಎಡೆಯಿಟ್ಟು ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆಗಿನ್ನೂ ಜೋಳ ಹೊಲದಲ್ಲಿಯೇ ನಿಂತಿರುತ್ತದೆ, ಕಾಳು ಕಣಕ್ಕೆ ಬಂದಿರುವುದಿಲ್ಲ. ಹಕ್ಕಿ ತಿಂದೀತು, ರೋಗ ಬಂದೀತು, ಅಕಾಲದ ಮಳೆ ಬಿದ್ದೀತು. ಇಷ್ಟೆಲ್ಲ ಅನಿಶ್ಚಯದ ನಡುವೆ ಅವರು ಭೂತಾಯಿಗೆ ಮೊದಲು ಉಣ್ಣಿಸುತ್ತಾರೆ. ಫಲ ಕೈಗೆ ಬಂದಮೇಲೆ ಸಲ್ಲಿಸುವ ಹರಕೆಗಿಂತ, ಬರುವ ಮುಂಚೆಯೇ ಚೆಲ್ಲುವ ಈ ಚರಗ ಒಂದು ಕೈ ಮೇಲೆಂದು ನನಗೆ ತೋರುತ್ತದೆ.

ಕೊನೆಗೆ, ನನ್ನ ವಿದ್ಯಾರ್ಥಿಯ ಮಾತು. ಎರಡನೆಯ ಸಲ ಅವನು ಸಿಕ್ಕಾಗ ನಾನು ಬಿಡಿಸಿ ಕೇಳಿದೆ. ಮಗಳಿಗೆ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಅವನು ಹರಕೆಯ ಭರವಸೆಯಲ್ಲಿ ನಡುವೆಯೇ ನಿಲ್ಲಿಸಿದ್ದ. ಸರಿಯಾದ ಚಿಕಿತ್ಸೆ ದೊರೆತರೆ ಈ ರೋಗದ ಹತ್ತು ಜನರಲ್ಲಿ ಏಳು ಜನರವರೆಗೆ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾವಾಗಿ ಔಷಧ ನಿಲ್ಲಿಸುವುದು ಅಪಾಯಕಾರಿ. ನಾನು ಅವನ ದೇವರ ಗೊಡವೆಗೆ ಹೋಗಲಿಲ್ಲ. ಆಯಿ ನನಗೆ ಹೇಳಿದ ಮಾತನ್ನೂ, ನೆರೆಹೊಲದ ಕಾಕಾ ಅಪ್ಪನಿಗೆ ಹೇಳಿದ ಮಾತನ್ನೂ ಅವನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

ಮೊನ್ನೆ ಮತ್ತೆ ಅಥಣಿ ರಸ್ತೆಯಲ್ಲಿ ಕಂಡ. ಹಣೆಯ ಮೇಲೆ ಭಂಡಾರ ಇದ್ದೇ ಇತ್ತು. ಮಗಳನ್ನು ಮತ್ತೆ ವೈದ್ಯರಿಗೆ ತೋರಿಸುತ್ತಿದ್ದಾನೆ. ಸೆಳವು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. “ದೇವರಿಗೆ ಗಡುವು ಹಾಕೋದು ಬಿಟ್ಟೇನ್ರಿ ಸರ,” ಎಂದ. “ಗುಳಿಗಿ ಹೊತ್ತು ಮಾತ್ರ ತಪ್ಪಸಂಗಿಲ್ಲ.”

(ಆಕಾಶವಾಣಿಯ ಕೃಪೆಯಿಂದ)